ಅಪ್ಪನ ದಪ್ತರವನ್ನು ಮತ್ತೆ ಕಟ್ಟಿಕೊಟ್ಟ ಅಂಗಡಿ

ವಿಜಯಪುರದ ಗಾಂಧಿ ಚೌಕದಿಂದ ಮಾರುಕಟ್ಟೆಯ ಕಡೆಗೆ ಹೊರಟು, ಬಳೆ ಅಂಗಡಿಗಳನ್ನು ದಾಟಿದ ಮೇಲೆ ಎಡಕ್ಕೆ ಸಿಗುವ ಸಣ್ಣ ಓಣಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯೊಂದಿದೆ. ಹೆಸರಿನ ಫಲಕವಿಲ್ಲ. ಬಾಗಿಲ ಪಕ್ಕದ ಗೋಡೆಯ ಮೇಲೆ ಯಾವ ಕಾಲದಲ್ಲೋ ನೀಲಿ ಬಣ್ಣದಲ್ಲಿ ‘ಬೈಂಡಿಂಗ್’ ಎಂದು ಬರೆದಿದ್ದರಲ್ಲಿ ಮೊದಲ ಅಕ್ಷರ ಮಾತ್ರ ಉಳಿದಿದೆ. ಒಳಗೆ ಇಬ್ಬರು ಕುಳಿತರೆ ಮೂರನೆಯವರು ಹೊಸ್ತಿಲ ಮೇಲೆ ನಿಲ್ಲಬೇಕು. ಕಳೆದ ಶ್ರಾವಣದಲ್ಲಿ ನನ್ನ ಅಪ್ಪನ ಮೂರು ಲೆಕ್ಕದ ಪುಸ್ತಕಗಳನ್ನು ಅಲ್ಲಿಗೆ ಕೊಟ್ಟೆ. ಕೆಲಸ ಹೇಗಾಯಿತು, ಎಲ್ಲಿ ತಪ್ಪಿತು, ಎಷ್ಟು ಹಣ ಹಿಡಿಯಿತು ಎಂಬುದನ್ನೆಲ್ಲ ಬರೆಯುತ್ತಿದ್ದೇನೆ. ಹಳೆಯ ಕಾಗದಗಳನ್ನು ಅಟ್ಟದ ಮೇಲೆ ಇಟ್ಟುಕೊಂಡು ಏನು ಮಾಡಬೇಕೆಂದು ತಿಳಿಯದ ಮನೆಗಳು ನಮ್ಮ ಊರಿನಲ್ಲಿ ಬಹಳ ಇವೆ.

ಅಪ್ಪ ರೈತರ ಮಾಲನ್ನು ದಲ್ಲಾಳಿ ಹಣಕ್ಕೆ ಮಾರಿಕೊಡುವ ಅಡತಿ ಅಂಗಡಿಯೊಂದರಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದರು. ಜೋಳ, ಕುಸುಬೆ, ಕಡಲೆ, ಹತ್ತಿ, ಯಾವ ಹಂಗಾಮಿನಲ್ಲಿ ಯಾವ ಊರಿನ ಯಾರ ಚೀಲ ಬಂದರೂ ಅದು ಅವರ ಕೈಬರಹದಲ್ಲಿ ದಿನದ ಲೆಕ್ಕದ ಪುಸ್ತಕವಾದ ಕೀರ್ದಿಗೆ ಇಳಿದು, ಅಲ್ಲಿಂದ ಒಬ್ಬೊಬ್ಬರ ಖಾತೆ ಬೇರೆಬೇರೆ ಇರುವ ಖತಾವಣಿಗೆ ಹೋಗುತ್ತಿತ್ತು. ಅಂಗಡಿ ಮುಚ್ಚಿದ ದಿನ ಮಾಲೀಕರು, “ಇವು ನಿಮ್ಮ ಅಕ್ಷರ, ನಿಮ್ಮ ಹತ್ತಿರವೇ ಇರಲಿ” ಎಂದು ಮೂರು ಪುಸ್ತಕಗಳನ್ನು ಕೊಟ್ಟು ಕಳಿಸಿದರು. ಅಪ್ಪ ಅವನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ನಾಲ್ಕು ಮೂಲೆಗಳನ್ನು ಎರಡು ಗಂಟು ಹಾಕಿ, ದೇವರ ಮನೆಯ ಮೇಲಿನ ಹಲಗೆಯಲ್ಲಿ ಇಟ್ಟರು. ದೀಪಾವಳಿಯ ಲಕ್ಷ್ಮೀಪೂಜೆಗೆ “ದಪ್ತರ ಇಳಿಸು” ಎನ್ನುತ್ತಿದ್ದರು. ಅವರು ತೀರಿಕೊಂಡು ಹದಿನಾಲ್ಕು ವರ್ಷಗಳಾದ ಮೇಲೆ ನಾನು ಗಂಟು ಬಿಚ್ಚಿದಾಗ ಹೊಲಿಗೆಯ ದಾರ ಪುಡಿಯಾಗಿತ್ತು. ಹಾಳೆಗಳು ಇಸ್ಪೀಟಿನ ಎಲೆಗಳ ಹಾಗೆ ಜಾರಿದವು.

ಮೊದಲು ಬಸ್ ನಿಲ್ದಾಣದ ಕಡೆಯ ಜೆರಾಕ್ಸ್ ಅಂಗಡಿಯೊಂದಕ್ಕೆ ಹೋದೆ. ಬೆನ್ನಿಗೆ ಅಂಟು ಸುರಿದು ಅರ್ಧ ಗಂಟೆಯಲ್ಲಿ ಕೊಡುತ್ತೇವೆ ಎಂದರು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿದವಳು. ಹಾಗೆ ಅಂಟಿಸಿದ ವಾರ್ಷಿಕ ಸಂಚಿಕೆಗಳ ಹಾಳೆ ಎರಡನೆಯ ಬೇಸಿಗೆಗೆ ಉದುರಿದ್ದನ್ನು ಕಂಡಿದ್ದೇನೆ. ಗಂಟನ್ನು ಎತ್ತಿಕೊಂಡು ಹೊರಬಂದೆ. ಮಾರುಕಟ್ಟೆಯಲ್ಲಿ ವಿಚಾರಿಸಿದಾಗ ಕಿರಾಣಿ ಅಂಗಡಿಯವರು ಈ ಓಣಿಯನ್ನು ತೋರಿಸಿದರು.

ಅಂಗಡಿಯ ಹಿರಿಯರಿಗೆ ಎಪ್ಪತ್ತು ದಾಟಿರಬೇಕು. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೆಯೇ ಕರೆದೆ. “ಚಾಚಾ, ಈ ಪುಸ್ತಕಗಳನ್ನು ಕಟ್ಟಿಕೊಡುತ್ತೀರಾ?” ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು, ಗಂಟು ಬಿಚ್ಚಿ, ಮೇಲಿನ ಹಾಳೆಯನ್ನು ನೋಡಿ, “ಇದು ಪುಸ್ತಕವಲ್ಲ ಅಕ್ಕಾವರೇ, ದಫ್ತರ್” ಎಂದರು. ಅಪ್ಪನ ಬಾಯಿಯ ಪದವನ್ನು ಇಷ್ಟು ವರ್ಷಗಳ ಮೇಲೆ ಬೇರೊಬ್ಬರ ಬಾಯಿಯಲ್ಲಿ ಕೇಳಿ ನಾನು ಅಲ್ಲಿದ್ದ ಮಣೆಯ ಮೇಲೆ ಕುಳಿತೆ. ಅಪ್ಪ ‘ಪ’ಕಾರದಲ್ಲಿ ನುಡಿಯುತ್ತಿದ್ದರು, ಚಾಚಾ ‘ಫ’ಕಾರದಲ್ಲಿ ನುಡಿದರು. ಅಷ್ಟೇ ಅಂತರ.

ಆ ಪದದ ಬಗ್ಗೆ ನನಗೆ ಮೊದಲಿನಿಂದಲೂ ಮೋಹ. ನಮ್ಮ ಮನೆಯಲ್ಲಿ ಅದು ಲೆಕ್ಕದ ಪುಸ್ತಕಗಳ ಗಂಟು. ಶಾಲೆಯಲ್ಲಿ ಹಳೆಯ ಮುಖ್ಯೋಪಾಧ್ಯಾಯರು ‘ದಪ್ತರ ತಪಾಸಣೆ’ ಎಂದರೆ ಹಾಜರಿ ಪುಸ್ತಕ, ದಾಖಲಾತಿ ಪುಸ್ತಕ ಎಲ್ಲವೂ ಮೇಜಿಗೆ ಬರಬೇಕಿತ್ತು. ಬೆಳಗಾವಿಯಲ್ಲಿರುವ ನನ್ನ ತಂಗಿಯ ಮನೆಗೆ ಹೋದರೆ ನೆರೆಮನೆಯ ಮರಾಠಿ ಮಾತಿನ ತಾಯಿ ಮಗುವಿಗೆ ‘ದಪ್ತರ’ ಹೆಗಲಿಗೆ ಹಾಕುತ್ತಾಳೆ. ನಾವು ಪಾಟೀಚೀಲ ಎನ್ನುವುದು ಅವಳಿಗೆ ದಪ್ತರ. ದೆಹಲಿಯ ಕಡೆಯವರಿಗೆ ದಫ್ತರ್ ಎಂದರೆ ಕಚೇರಿ. ಗಂಟು, ದಾಖಲೆ, ಶಾಲೆಯ ಚೀಲ, ಕಚೇರಿ. ಒಂದು ಪದ ಇಷ್ಟು ಕಡೆ ಹೇಗೆ ನಿಂತಿತು ಎಂದು ನಿಘಂಟುಗಳನ್ನು ಹುಡುಕಿಕೊಂಡು ಹೋದವಳು ನಾನು. ಹುಡುಕಾಟ ಮುಗಿದದ್ದು ಆಡಿನ ಚರ್ಮದ ಹತ್ತಿರ.

ಫಾರಸಿಯ ‘ದಫ್ತರ್’ ಪದದ ಹಿಂದೆ ಇರುವುದು ಗ್ರೀಕಿನ ‘ದಿಫ್ಥೆರಾ’. ಅದರ ಅರ್ಥ ಹದ ಮಾಡಿದ ತೊಗಲು. ಕ್ರಿಸ್ತಪೂರ್ವ 5ನೇ ಶತಮಾನದ ಹೆರೊಡೋಟಸ್ ಒಂದು ಕಡೆ ಹೇಳುತ್ತಾನೆ: ಅಯೋನಿಯಾದ ಗ್ರೀಕರು ಜೊಂಡಿನಿಂದ ಮಾಡಿದ ಪಪೈರಸ್ ಸುರುಳಿಗಳನ್ನೂ ‘ತೊಗಲು’ ಎಂದೇ ಕರೆಯುತ್ತಾರೆ, ಏಕೆಂದರೆ ಪಪೈರಸ್ ಸಿಗದ ಕಾಲದಲ್ಲಿ ಅವರು ಆಡು, ಕುರಿಗಳ ಚರ್ಮದ ಮೇಲೆ ಬರೆಯುತ್ತಿದ್ದರು. ವಸ್ತು ಬದಲಾದರೂ ಹೆಸರು ಬದಲಾಗಲಿಲ್ಲ. ನಾವು ಇಂದು ಕಾಗದದ ಹಾಳೆಗೂ ‘ಎಲೆ’, ‘ಓಲೆ’ ಎನ್ನುವ ಹಾಗೆಯೇ. ಆ ತೊಗಲು ಪೂರ್ವಕ್ಕೆ ಬಂದು ಇರಾನಿನಲ್ಲಿ ದಫ್ತರ್ ಆಗಿ, ಅಲ್ಲಿಂದ ಅರಬ್ಬಿಗೆ, ತುರ್ಕಿಗೆ, ನಮ್ಮ ನಾಡಿಗೆ ಹರಡಿತು. ತುರ್ಕಿಯಲ್ಲಿ ‘ದೆಫ್ತೆರ್’ ಎಂದರೆ ನೋಟ್‌ಬುಕ್. ಉಸ್ಮಾನಿ ಸುಲ್ತಾನರ ಹಣಕಾಸಿನ ಮುಖ್ಯಸ್ಥ ‘ದೆಫ್ತೆರ್‌ದಾರ್’. ಆಫ್ರಿಕದ ಸ್ವಾಹಿಲಿ ಮಾತನಾಡುವ ಶಾಲೆಗಳಲ್ಲಿ ಮಕ್ಕಳು ‘ದಫ್ತಾರಿ’ಯಲ್ಲಿ ಬರೆಯುತ್ತಾರೆ. ಇಂಡೋನೇಷ್ಯಾದಲ್ಲಿ ‘ದಫ್ತಾರ್’ ಎಂದರೆ ಪಟ್ಟಿ. ಪುಸ್ತಕದ ಮೊದಲಿಗೆ ಬರುವ ಪರಿವಿಡಿಯನ್ನು ಅಲ್ಲಿ ‘ದಫ್ತಾರ್ ಇಸಿ’ ಎನ್ನುತ್ತಾರೆ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಗ್ರೀಸಿನ ಸಂಗತಿ. ಅಲ್ಲಿಂದ ‘ದಿಫ್ಥೆರಾ’ ಆಗಿ ಹೊರಟ ಪದ ಸಾವಿರಾರು ವರ್ಷ ಸುತ್ತಿ, ತುರ್ಕರ ಕೈಯಿಂದ ‘ತೆಫ್ತೇರಿ’ ಆಗಿ ಗ್ರೀಸಿಗೇ ಮರಳಿತು. ತೆಫ್ತೇರಿ ಎಂದರೆ ಕಿರಾಣಿ ಅಂಗಡಿಯವರು ಗಿರಾಕಿಯ ಸಾಲ ಬರೆದುಕೊಳ್ಳುವ ಪುಸ್ತಕವೂ ಹೌದು. ನಮ್ಮ ಉದ್ರಿ ಪುಸ್ತಕ! ತವರಿಗೆ ಬಂದ ಮಗಳನ್ನು ತವರಿನವರು ಗುರುತು ಹಿಡಿಯದೆ ಹೊಸ ಸೊಸೆಯಂತೆ ಒಳಗೆ ಕರೆದುಕೊಂಡರು. ಅದೇ ಮೂಲದ ಇನ್ನೊಂದು ಕವಲು ಆಸ್ಪತ್ರೆಗೆ ಹೋಯಿತು. 1826ರಲ್ಲಿ ಫ್ರಾನ್ಸಿನ ವೈದ್ಯ ಬ್ರೆತೊನ್ನೊ, ಗಂಟಲಿನಲ್ಲಿ ತೊಗಲಿನಂಥ ಪೊರೆ ಕಟ್ಟುವ ರೋಗಕ್ಕೆ ಅದೇ ಗ್ರೀಕ್ ಪದದಿಂದ ಹೆಸರಿಟ್ಟ. ನಮ್ಮ ಹಳ್ಳಿಗಳು ಗಂಟಲಮಾರಿ ಎಂದು ಹೆದರುತ್ತಿದ್ದ ಡಿಫ್ತೀರಿಯಾ ಅದು.

ಇದನ್ನೆಲ್ಲ ಹೇಳಿದಾಗ ಚಾಚಾ ಕೆಲಸ ನಿಲ್ಲಿಸಲಿಲ್ಲ, ಆದರೆ ಕಿವಿಗೊಟ್ಟು ಕೇಳಿದರು. ಆಮೇಲೆ, “ನಾವು ಕಟ್ಟುವ ರಟ್ಟಿಗೆ ಜಿಲ್ದ್ ಎನ್ನುತ್ತೇವೆ. ಜಿಲ್ದ್ ಎಂದರೂ ಚರ್ಮವೇ” ಎಂದರು. ನಿಜ. ಅದು ಅರಬ್ಬಿ ಪದ, ಅದರ ಬೇರು ಬೇರೆ. ಆದರೂ ಒಳಗಿನ ಬರಹಕ್ಕೂ ಹೊರಗಿನ ಕಟ್ಟಿಗೂ ಎರಡು ಭಾಷೆಗಳು ಒಂದೇ ತೊಗಲಿನ ಹೆಸರನ್ನು ಇಟ್ಟಿವೆ. ಇದನ್ನು ನಾನು ಯಾವ ನಿಘಂಟಿನಿಂದಲೂ ಕಲಿತಿರಲಿಲ್ಲ, ಆ ಮಣೆಯ ಮೇಲೆ ಕುಳಿತು ಕಲಿತೆ. ಬ್ರಿಟಿಷರ ಕಚೇರಿಗಳಲ್ಲಿ ದಾಖಲೆಗಳ ಧೂಳು ಕೊಡವಿ, ಹೊಲಿದು, ಕಾಗದಕ್ಕೆ ಗೆರೆ ಎಳೆದು, ಲಕೋಟೆ ಮಾಡುವ ನೌಕರನನ್ನು ದಫ್ತರಿ ಎಂದು ಕರೆಯುತ್ತಿದ್ದರು. ಬಂಗಾಳಿಯಲ್ಲಿ ಈಗಲೂ ‘ದಪ್ತರಿ’ ಎಂದರೆ ಪುಸ್ತಕ ಕಟ್ಟುವವನು. ಚಾಚಾ ಮಾಡುವ ಕೆಲಸ ಅದೇ. ಅವರ ವೃತ್ತಿಯ ಹೆಸರೇ ಆ ಪದದೊಳಗೆ ಇದೆ.

ಇನ್ನು ಕೆಲಸದ ಮಾತು. ಅವರು ಮೊದಲು ಮಾಡಿದ್ದು ಹಾಳೆಗಳ ಎಣಿಕೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, ಮಡಿಕೆಯಲ್ಲಿ ಹರಿದವುಗಳಿಗೆ ತೆಳು ಕಾಗದದ ಪಟ್ಟಿ ಹಚ್ಚಿದರು. ನಾಲ್ಕು ನಾಲ್ಕು ಹಾಳೆಗಳನ್ನು ಒಂದರೊಳಗೊಂದು ಸೇರಿಸಿ ‘ಜುಜ್’ ಮಾಡಿದರು. ಜುಜ್ ಎಂದರೆ ಭಾಗ, ಅವುಗಳನ್ನು ಕೂಡಿಸಿ ಹೊಲಿಯುವುದು ಜುಜ್‌ಬಂದಿ. ದಬ್ಬಣ ಮಡಿಕೆಯ ನಡುವಿನಿಂದ ಹೊರಗೆ ಬಂದು, ಬೆನ್ನಿನ ದಾರವನ್ನು ಬಳಸಿ, ಪಕ್ಕದ ತೂತಿನಿಂದ ಒಳಗೆ ಹೋಗುತ್ತದೆ. ಒಂದು ಜುಜ್ ಮುಗಿದರೆ ಅದರ ಬಾಲಕ್ಕೆ ಇನ್ನೊಂದರ ತಲೆ ಗಂಟು ಬೀಳುತ್ತದೆ. ಒಂದು ಪುಸ್ತಕಕ್ಕೆ ಈ ಕೈಹೊಲಿಗೆಗೇ ಅರ್ಧ ದಿನ ಬೇಕು. ನಾನು ಎರಡು ಮಧ್ಯಾಹ್ನ ಕುಳಿತು ನೋಡಿದ್ದೇನೆ. ದಾರವನ್ನು ಮೇಣದ ತುಂಡಿನ ಮೇಲೆ ಎಳೆಯುವಾಗ ಬರುವ ಸಣ್ಣ ಸದ್ದಿಗೆ ಅವರು ತಲೆ ವಾಲಿಸುತ್ತಾರೆ. ಸದ್ದು ಸರಿಯಿಲ್ಲದಿದ್ದರೆ ಇನ್ನೊಮ್ಮೆ ಎಳೆಯುತ್ತಾರೆ.

ಬಿಡಿ ಹಾಳೆಗಳನ್ನು ಹೀಗೆ ಹೊಲಿದು ಪುಸ್ತಕ ಮಾಡುವುದು ಒಂದು ಕಾಲದಲ್ಲಿ ಆಡಳಿತಕ್ಕೇ ಹೊಸತಾಗಿತ್ತು. 8ನೇ ಶತಮಾನದಲ್ಲಿ ಅಬ್ಬಾಸಿ ಖಲೀಫರ ಮೊದಲಿಗನಾದ ಸಫ್ಫಾಹನ ಕಾಲಕ್ಕೆ, ಬಿಡಿ ಬಿಡಿಯಾಗಿದ್ದ ಸರ್ಕಾರಿ ಲೆಕ್ಕಗಳನ್ನು ದಫ್ತರುಗಳಲ್ಲಿ ಇಡುವ ಪದ್ಧತಿ ತಂದವನು ಖಾಲಿದ್ ಬಿನ್ ಬರ್ಮಕ್ ಎಂದು ಅರಬ್ಬಿ ಇತಿಹಾಸಕಾರರು ಬರೆದಿದ್ದಾರೆ. ಅಪ್ಪನ ಉದುರಿದ ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡು, ಯಾವ ತಿಂಗಳ ಹಿಂದೆ ಯಾವ ತಿಂಗಳು ಎಂದು ಮೂರು ರಾತ್ರಿ ಜೋಡಿಸಿದವಳಿಗೆ ಆ ಮನುಷ್ಯ ಮಾಡಿದ ಉಪಕಾರ ಎಷ್ಟು ದೊಡ್ಡದೆಂದು ಚೆನ್ನಾಗಿ ತಿಳಿಯುತ್ತದೆ.

ನಮ್ಮ ಊರಿಗೂ ಈ ಪದಕ್ಕೂ ಇರುವ ನಂಟು ಹಳೆಯದು. ಆದಿಲ್‌ಶಾಹಿಯ ಮೊದಲ ಇಬ್ರಾಹಿಂ, 1534ರಿಂದ 1558ರವರೆಗೆ ಆಳಿದವನು, ರಾಜ್ಯದ ಲೆಕ್ಕಪತ್ರಗಳನ್ನು ಫಾರಸಿಯಿಂದ ತೆಗೆದು ಇಲ್ಲಿಯವರ ಮಾತಾದ ಹಿಂದವಿಗೆ ಬದಲಿಸಿ ಬ್ರಾಹ್ಮಣರ ಕೈಗೆ ಒಪ್ಪಿಸಿದ ಎಂದು, ಮುಂದೆ ಇದೇ ಊರಿನ ಆಸ್ಥಾನದಲ್ಲಿದ್ದು ಇತಿಹಾಸ ಬರೆದ ಫರಿಶ್ತಾ ದಾಖಲಿಸಿದ್ದಾನೆ. ಅತ್ತ ಉತ್ತರದಲ್ಲಿ 1582ರಲ್ಲಿ ಅಕ್ಬರನ ಮಂತ್ರಿ ತೋದರಮಲ್ಲ ಮಾಡಿದ್ದು ಇದಕ್ಕೆ ತದ್ವಿರುದ್ಧ: ಲೆಕ್ಕವೆಲ್ಲ ಫಾರಸಿಯಲ್ಲೇ ಇರಬೇಕೆಂದ. ಬಿಜಾಪುರದಲ್ಲಿ ಲೆಕ್ಕದ ಭಾಷೆ ಬದಲಾಯಿತು, ಲೆಕ್ಕದ ಪದಗಳು ಮಾತ್ರ ಜಗ್ಗಲಿಲ್ಲ. ಅಪ್ಪನ ಪುಟದ ಎಡಕ್ಕೆ ‘ಜಮಾ’, ಬಲಕ್ಕೆ ‘ಖರ್ಚು’, ಕೆಳಗೆ ‘ಬಾಕಿ’. ಅಪ್ಪನ ಹುದ್ದೆಯ ಹೆಸರು ‘ಗುಮಾಸ್ತ’ ಎಂಬುದೂ ಫಾರಸಿಯೇ, ‘ನೇಮಿಸಲ್ಪಟ್ಟವನು’ ಎಂದು ಅರ್ಥ. ತಾಲ್ಲೂಕು ಕಚೇರಿಯ ‘ಶಿರಸ್ತೇದಾರ’ರಲ್ಲಿ ‘ಶಿರಸ್ಸು’ ಇದೆ ಎಂದು ನನ್ನ ವಿದ್ಯಾರ್ಥಿಗಳು ತಿಳಿಯುತ್ತಿದ್ದರು. ಅದು ‘ಸರ್‌ರಿಷ್ತಾದಾರ್’, ದಾರದ ತುದಿಯನ್ನು ಹಿಡಿದವನು. ಚಾಚಾ ಹಲ್ಲಿನಿಂದ ದಾರದ ತುದಿ ಕಚ್ಚಿ ಹಿಡಿದಿದ್ದಾಗ ನಾನು ಅವರಿಗೆ ಇದನ್ನು ಹೇಳಿದೆ. ಅವರು ದಾರ ಬಿಟ್ಟು ನಕ್ಕರು.

ರಟ್ಟಿಗೆ ಏನು ಹೊದಿಸಬೇಕೆಂದು ಕೇಳಿದರು. ರೆಕ್ಸಿನ್, ಕ್ಯಾಲಿಕೊ ಬಟ್ಟೆ, ತೊಗಲು, ಮೂರೂ ಇದ್ದವು. ಲಕ್ಷ್ಮೀಪೂಜೆಗೆ ಇಡುವ ಪುಸ್ತಕಗಳಾದ್ದರಿಂದ ಎರಡಕ್ಕೆ ಕೆಂಪು ಬಟ್ಟೆಯನ್ನೇ ಆರಿಸಿದೆ. ಮೂರನೆಯದಕ್ಕೆ ಬೆನ್ನಿಗೂ ಮೂಲೆಗಳಿಗೂ ಆಡಿನ ತೊಗಲು ಹಾಕಿಸಿದೆ. ಪದದ ಮೂಲ ಗೊತ್ತಾದ ಮೇಲೆ ಒಂದಕ್ಕಾದರೂ ತೊಗಲು ಬೇಕೆಂದು ನನ್ನ ಹಟ. ತೊಗಲನ್ನು ಅವರು ಅಥಣಿಯಿಂದ ತರಿಸುತ್ತಾರೆ. ಕೊಲ್ಹಾಪುರಿ ಎಂದು ಹೆಸರಾದ ಚಪ್ಪಲಿಗಳನ್ನು ಹೊಲಿಯುವ ಊರು ಅದು. 2019ರಲ್ಲಿ ಆ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿಯ ಜೊತೆಗೆ ಬಾಗಲಕೋಟೆ, ವಿಜಯಪುರ, ಧಾರವಾಡ ಜಿಲ್ಲೆಗಳೂ ಸೇರಿವೆ. ತೊಗಲಿನ ಅಂಚನ್ನು ಕತ್ತಿಯಿಂದ ಹೆರೆದು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿಸಿ ರಟ್ಟಿನೊಳಗೆ ಮಡಚಿದ್ದಾರೆ. ಬೆರಳಾಡಿಸಿದರೆ ತೊಗಲು ಎಲ್ಲಿ ಮುಗಿದು ಬಟ್ಟೆ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಮೈದಾ ಹಿಟ್ಟಿನ ಅಂಟಿಗೆ ಮೈಲುತುತ್ತ ಬೆರೆಸುತ್ತಾರೆ, ಹುಳು ಹಿಡಿಯಬಾರದೆಂದು.

ರಟ್ಟಿನ ಒಳಬದಿಗೆ ಹಚ್ಚುವ ಬಣ್ಣಬಣ್ಣದ ಅಲೆಗಳ ಕಾಗದ ‘ಅಬ್ರಿ’. ಫಾರಸಿಯಲ್ಲಿ ಅಬ್ರ್ ಎಂದರೆ ಮೋಡ. ನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಎತ್ತಿಕೊಳ್ಳುವ ಈ ಕಲೆಯಲ್ಲಿ 17ನೇ ಶತಮಾನದ ಬಿಜಾಪುರ ಹೆಸರಾಗಿತ್ತು. ಅಬ್ರಿಯಿಂದಲೇ ಚಿತ್ರ ಬಿಡಿಸುತ್ತಿದ್ದರು. ಎಲುಬು ಎದ್ದ ಬಡಕಲು ಕುದುರೆಯೂ ಅದರ ಸವಾರನೂ ಇರುವ ಅಂಥದೊಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ನಮ್ಮ ಊರಿನ ಅಸರ್ ಮಹಲಿನಲ್ಲಿದ್ದ ಸುಲ್ತಾನರ ಹಸ್ತಪ್ರತಿಗಳು 19ನೇ ಶತಮಾನದಲ್ಲಿ ಲಂಡನ್ನಿಗೆ ಹೋಗಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ. ಚಾಚಾನ ಅಬ್ರಿ ಕಾರ್ಖಾನೆಯಲ್ಲಿ ಅಚ್ಚಾದದ್ದು, ಕೈಯಿಂದ ಮಾಡಿದ್ದಲ್ಲ. ಅವರೇ ಅದನ್ನು ಮೊದಲೇ ಹೇಳಿದರು. ನೀಲಿ, ಕಂದು ಬೆರೆತ ಹಾಳೆಯನ್ನು ಆರಿಸಿದೆ. ಈಗ ಅಪ್ಪನ ಲೆಕ್ಕ ತೆರೆದರೆ ಮೊದಲು ಮೋಡ ಕಾಣುತ್ತದೆ.

ಈಗ ತಪ್ಪುಗಳನ್ನು ಹೇಳಬೇಕು. ಎಂಟು ದಿನ ಎಂದವರು ಇಪ್ಪತ್ತೆರಡು ದಿನ ತೆಗೆದುಕೊಂಡರು. ಶಾಲೆಗಳ ಕೆಲಸ ಬಂದರೆ ಮನೆಯವರ ಕೆಲಸ ಹಿಂದೆ ಸರಿಯುತ್ತದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ನನಗೆ ಅದು ದೊಡ್ಡದೆನಿಸಲಿಲ್ಲ. ದೊಡ್ಡದೆನಿಸಿದ್ದು ಇನ್ನೊಂದು. ಹೊಲಿಗೆಯಾದ ಮೇಲೆ ಪುಸ್ತಕದ ಮೂರು ಅಂಚುಗಳನ್ನು ಸಮ ಮಾಡಲು ಪಕ್ಕದ ಮುದ್ರಣಾಲಯದ ಕತ್ತರಿಸುವ ಯಂತ್ರಕ್ಕೆ ಕಳಿಸುತ್ತಾರೆ. ಮೊಮ್ಮಗ ಒಯ್ದಿದ್ದ. ಎರಡು ಪುಸ್ತಕಗಳಲ್ಲಿ ತೊಂದರೆಯಾಗಲಿಲ್ಲ. 1972ರ ಕೀರ್ದಿಯಲ್ಲಿ ಕಾಲು ಅಂಗುಲ ಹೆಚ್ಚು ಹೋಯಿತು.

ಆ ವರ್ಷ ನಮ್ಮ ಸೀಮೆಯಲ್ಲಿ ಬರ. ಅಪ್ಪ ಪ್ರತಿ ದಿನದ ಲೆಕ್ಕ ಮುಗಿಸಿ, ಪುಟದ ಬಲ ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ‘ಮಳೆ ಇಲ್ಲ’ ಎಂದು ಬರೆಯುತ್ತಿದ್ದರು. ಅದು ಮಾಲೀಕರಿಗೆ ಬೇಕಾದ ಲೆಕ್ಕವಲ್ಲ. ಜಮಾ ಬದಿಯಲ್ಲಿ ಬರೆಯಲು ಏನೂ ಇಲ್ಲದ ದಿನಗಳಲ್ಲೂ ಅದೊಂದು ಇರುತ್ತಿತ್ತು. ಪುಸ್ತಕ ತೆಗೆದುಕೊಂಡು ಅಲ್ಲಿಯೇ ತಿರುವಿ ನೋಡಿದಾಗ ಏಳು ಪುಟಗಳಲ್ಲಿ ‘ಮಳೆ ಇ’ ಎಂದಷ್ಟೇ ಇತ್ತು. ನನಗೆ ಅಳು ಬಂತು. ಚಾಚಾ ಕನ್ನಡಕ ಹಾಕಿಕೊಂಡು ಒಂದೊಂದು ಪುಟವನ್ನೂ ನೋಡಿದರು. ಯಂತ್ರದವರ ಮೇಲೂ ಮೊಮ್ಮಗನ ಮೇಲೂ ತಪ್ಪು ಹೊರಿಸಲಿಲ್ಲ. “ಅಂಚಿನಲ್ಲಿ ಬರಹ ಇದೆಯೇ ಎಂದು ನಾನು ನೋಡಬೇಕಾಗಿತ್ತು, ಅಕ್ಕಾವರೇ. ಪುಸ್ತಕ ಇಲ್ಲಿ ಬಿಟ್ಟು ಹೋಗಿ” ಎಂದರು.

ಅವರು ಮುದ್ರಣಾಲಯದ ರದ್ದಿ ಚೀಲವನ್ನು ತರಿಸಿ ಸುರಿಸಿದ್ದಾರೆ. ಮದುವೆ ಪತ್ರಿಕೆಗಳ, ರಸೀದಿ ಪುಸ್ತಕಗಳ ಕತ್ತರಿಕೆಗಳ ನಡುವಿನಿಂದ ಐವತ್ತು ವರ್ಷದ ಹಳದಿ ಕಾಗದದ ಪಟ್ಟಿಗಳನ್ನು ಆರಿಸಿ ತೆಗೆದಿದ್ದಾರೆ. ಎಲ್ಲವುಗಳ ಮೇಲೂ ಒಂದೇ ಅಕ್ಷರ, ‘ಲ್ಲ’. ಕೆಂಪು ಗೆರೆಗಳು ಎಲ್ಲಿ ಕೂಡುತ್ತವೆ, ಶಾಯಿಯ ಬಣ್ಣ ಎಲ್ಲಿ ಒಂದಾಗುತ್ತದೆ ಎಂದು ನೋಡಿ ನಾಲ್ಕನ್ನು ಅವುಗಳ ಪುಟಕ್ಕೆ ತೆಳು ಕಾಗದದಿಂದ ಜೋಡಿಸಿದ್ದಾರೆ. ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ.

ಒಂದು ಪುಸ್ತಕಕ್ಕೆ 400 ರೂಪಾಯಿ, ತೊಗಲಿಗೆ ಮೇಲೆ 200, ಒಟ್ಟು 1,400 ಆಯಿತು. 500 ಮುಂಗಡ ಕೊಡಬೇಕು. ಜುಜ್‌ಬಂದಿ ಹೊಲಿಗೆಯೇ ಬೇಕೆಂದು ಬಾಯಿಬಿಟ್ಟು ಕೇಳಿ, ಇಲ್ಲದಿದ್ದರೆ ಮೇಲಿನಿಂದ ಚುಚ್ಚಿ ಹೊಲಿಯುತ್ತಾರೆ, ಆ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ. ನನ್ನವು ಮೂರೂ ಮೇಜಿನ ಮೇಲೆ ಕೈ ಬಿಟ್ಟರೂ ಅಂಗಾತ ಮಲಗುತ್ತವೆ, ನಡುವಿನ ಪುಟದ ಕೊನೆಯ ಅಂಕಿಯವರೆಗೂ ಓದಬಹುದು. ಅಂಚಿನಲ್ಲಿ ಬರಹವಿದ್ದರೆ ಮೊದಲ ಪುಟಕ್ಕೆ ‘ಅಂಚು ಕತ್ತರಿಸಬಾರದು’ ಎಂದು ದೊಡ್ಡದಾಗಿ ಚೀಟಿ ಬರೆದು ಸಿಕ್ಕಿಸಿ. ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ವಾರದಲ್ಲಿ ಆ ಓಣಿಗೆ ಹೋಗುವುದೇ ಕಷ್ಟ.

ಕೊಡುವಾಗ ಅವರು ಮೂರು ಪುಸ್ತಕಗಳನ್ನು ಹೊಸ ಕೆಂಪು ಬಟ್ಟೆಯಲ್ಲಿ ಸುತ್ತಿ, ಅಪ್ಪ ಹಾಕುತ್ತಿದ್ದಂತೆಯೇ ಎರಡು ಗಂಟು ಹಾಕಿದರು. ಪೇಶ್ವೆಗಳ ಕಾಲದ ದಾಖಲೆಗಳಿರುವ ಪುಣೆಯ ಪೇಶ್ವೆ ದಫ್ತರದಲ್ಲಿ ಇಂಥ ಗಂಟುಗಳನ್ನು ‘ರುಮಾಲು’ ಎಂದು ಎಣಿಸುತ್ತಾರೆ ಎಂದೆ. “ನಾವು ದಫ್ತರ್ ಎನ್ನೋಣ” ಎಂದರು. ಮನೆಗೆ ಬಂದು 1972ರ ಕೀರ್ದಿಯ ಹಿಂದಿನ ರಟ್ಟನ್ನು ತೆರೆದರೆ ಅಬ್ರಿಯ ಮೇಲೆ ಕೈಯಿಂದ ಮಾಡಿದ ಪುಟ್ಟ ಲಕೋಟೆಯೊಂದನ್ನು ಅಂಟಿಸಿದ್ದರು. ಯಾವ ದಿನಕ್ಕೆ ಸೇರಿದವೆಂದು ಗೊತ್ತಾಗದೆ ಉಳಿದ ಮೂರು ಪಟ್ಟಿಗಳು ಅದರೊಳಗಿವೆ.